ಅತ್ತೆಯ ಉಡಿಗೆ ಮೂರು ಊರು

ನಮ್ಮ ಅತ್ತೆ ಹತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡಳು. ಆಮೇಲೆ ಅರವತ್ತು ಚಿಲ್ಲರೆ ಸಿನಿಮಾಗಳಲ್ಲಿ ನಟಿಸಿದಳು. ಇದು ಹೇಗೆ ಸಾಧ್ಯ ಎಂದು ಕೇಳುವವರು ಗಜೇಂದ್ರಗಡದ ನಮ್ಮ ಮನೆಯನ್ನು ಕಂಡವರಲ್ಲ. ನರಗುಂದದಲ್ಲಿ ಟೆಂಟ್ ಹಾಕಿದ್ದ ನಾಟಕ ಕಂಪನಿಯ ಜೊತೆ ಮಗಳು ಹೋದಳೆಂದು ಗೊತ್ತಾದ ದಿನ ಅಜ್ಜ ಹಿತ್ತಲಿಗೆ ಹೋಗಿ, ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದುಕೊಂಡು, "ಇವತ್ತಿಗೆ ಅಕಿ ಸತ್ಲು" ಎಂದನಂತೆ. ಅಲ್ಲಿಗೆ ಸೂತಕವೂ ಮುಗಿಯಿತು. ಅಂದು ಸಂತೆಯ ದಿನ. ಒದ್ದೆ ಧೋತರ ಹಗ್ಗದ ಮೇಲೆ ಒಣಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆಗೆದಾಗಿತ್ತಂತೆ. ದುಃಖಪಡಲಿಕ್ಕೂ ಸಂತೆ ಇಲ್ಲದ ದಿನ ಬೇಕಲ್ಲ. ನನಗಾಗ ಮೂರು ವರ್ಷ.

ನಮ್ಮದು ಅರಿವೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಸೀರೆ, ಧೋತರ, ಟವೆಲ್ಲು ಎಲ್ಲ ಇದ್ದರೂ ವ್ಯಾಪಾರ ನಿಂತಿರುವುದು ಕುಬಸದ ಖಣದ ಮೇಲೆ, ಅಂದರೆ ರವಿಕೆ ಬಟ್ಟೆಯ ಮೇಲೆ. ನಮ್ಮ ಕಡೆ ಹೆಣ್ಣುಮಗಳು ತವರಿಗೆ ಬಂದು ಹೊರಟಳೆಂದರೆ ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ, ಮೇಲೊಂದು ಖಣ ಇಟ್ಟು ಉಡಿ ತುಂಬುತ್ತಾರೆ. ಏಳುವ ಮುಂಚೆ ಅವಳು ಆ ಅಕ್ಕಿಯಲ್ಲಿ ಒಂದು ಹಿಡಿಯನ್ನು ತಿರುಗಿ ಮನೆಯ ಡಬ್ಬಿಗೆ ಹಾಕಬೇಕು. ಮಗಳು ಹೋದರೂ ತವರು ಬರಿದಾಗಬಾರದು ಎಂದು. ಸುತ್ತಲ ಊರಿನ ಅರ್ಧ ಹೆಣ್ಣುಮಕ್ಕಳ ಉಡಿಯ ಖಣ ನಮ್ಮ ಅಂಗಡಿಯದೇ. ಅಜ್ಜ ಗಾದಿಯ ಮೇಲೆ ಕುಳಿತು, "ಮಗಳಿಗೇನ್ರಿ? ಹಂಗಾದ್ರ ಬಣ್ಣಾ ಬಿಡದಂಥಾದು ತಗೋರಿ. ತವರಿನ ಖಣಾ ಬಣ್ಣಾ ಬಿಟ್ರ ಮಗಳ ಮನಸ್ಸಿಗೆ ಭಾಳ ಹತ್ತತೈತಿ" ಎನ್ನುತ್ತ ಅಗ್ಗದಂಥವನ್ನು ಒತ್ತಟ್ಟಿಗಿಟ್ಟು ಚಲೋದನ್ನು ಬಿಚ್ಚಿ ತೋರಿಸುತ್ತಿದ್ದ. ಸ್ವಂತ ಮಗಳು ಬರಿ ಉಡಿಯಲ್ಲಿ ಹೋದದ್ದು ಈ ಮಾತಿಗೆ ಅಡ್ಡಿ ಬರಲಿಲ್ಲ.

ನನ್ನ ಅವ್ವನ ತವರು ಹೊಳೆಮಣ್ಣೂರ. ಮನಸ್ಸು ಬಂದಾಗ ಮಲಪ್ರಭೆ ಬಾಗಿಲು ಬಡಿಯದೆ ಒಳಗೆ ಬರುವ ಊರು. ಒಂದು ವರ್ಷ ಹೊಳೆ ಬಂದು, ಮಾವನ ಮನೆಯವರೆಲ್ಲ ಸಾಲಿಯ ಕೋಣೆಯೊಂದರಲ್ಲಿ ಇಳಿದಿದ್ದರು. ನೋಡಿ ಬರಲು ಹೋದ ಅವ್ವನನ್ನು ಮಾವನ ಹೆಂಡತಿ ಕರಿಹಲಗೆಯ ಕೆಳಗೆ ಕೂರಿಸಿ, ಪರಿಹಾರವೆಂದು ಕೊಟ್ಟಿದ್ದ ಅಕ್ಕಿಯಲ್ಲೇ ಉಡಿ ತುಂಬಿ ಕಳಿಸಿದಳು. ಅವ್ವ ಒಂದು ಹಿಡಿ ತಿರುಗಿ ಹಾಕಲು ಹೋದರೆ ಹಾಕಲು ಡಬ್ಬಿಯೇ ಇರಲಿಲ್ಲ. ಅತ್ತಿಗೆ ಅಂಗೈ ಒಡ್ಡಿದಳಂತೆ. ಅವ್ವ ಇದನ್ನು ಹೇಳುವಾಗ ಪ್ರತಿಸಲವೂ ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಪ್ರತಿಸಲವೂ ಫ್ಯಾನಿನ ಕಡೆ ನೋಡುತ್ತಿದ್ದ.

ಇತ್ತ ಸತ್ತ ಅತ್ತೆ ಭಾರೀ ಚುರುಕಾಗಿದ್ದಳು. ಕಂಪನಿಯಲ್ಲಿ ಮೊದಲ ವರ್ಷ ಪಾತ್ರದವರ ಸೀರೆಗೆ ಇಸ್ತ್ರಿ ಮಾಡಿದಳು, ಎರಡನೇ ವರ್ಷ ಸಖಿಯಾದಳು, ಮೂರನೇ ವರ್ಷ ನಾಯಕಿಗೆ ಜ್ವರ ಬಂದು ನಾಯಕಿಯಾದಳು. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರನ್ನು ಮದುವೆಯಾದಳು. ಆಮೇಲೆ ಸಿನಿಮಾದವರು ಕರೆದರು. ಅವರು ಅವಳ ಮುಖ ಬೇಕೆಂದರು, ದನಿ ಬೇಡವೆಂದರು. ಗಜೇಂದ್ರಗಡದ ಕನ್ನಡ ಅವರ ಕಿವಿಗೆ ಜೋಳದ ಒಣ ಎಲೆಯ ರವದಿಯ ಹಾಗೆ ಚುಚ್ಚಿತಂತೆ. ಹೀಗಾಗಿ ಪ್ರತಿ ಸಿನಿಮಾದಲ್ಲೂ ಅತ್ತೆ ಬಾಯಿ ತೆರೆದಳು, ಇನ್ಯಾರೋ ಮಾತಾಡಿದರು. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ನಲವತ್ತು ದಾಟಿದ ನಾಯಕನೊಬ್ಬನನ್ನು ಹೆತ್ತಳು. ಅಲ್ಲಿಂದ ಮುಂದೆ ಕನ್ನಡದ ನಾಯಕರನ್ನೆಲ್ಲ ಸಾಲಾಗಿ ಹೆರುತ್ತಲೇ ಹೋದಳು. ಬಹುತೇಕ ಸಿನಿಮಾಗಳಲ್ಲಿ ಹೆಸರು ಬರುವಾಗಲೇ ಗಂಡ ಗೋಡೆಯ ಮೇಲಿನ ಫೋಟೋ ಆಗಿರುತ್ತಿದ್ದ. ಬಿಳಿ ಸೀರೆ, ಹೊಲಿಗೆ ಮಷಿನ್ನು, ಕೆಮ್ಮು. ಈ ಮೂರರಲ್ಲೇ ಒಂದು ಕಾಲದ ಪ್ರೇಕ್ಷಕರನ್ನೆಲ್ಲ ಅಳಿಸಿದಳು ನಮ್ಮ ಅತ್ತೆ.

ಸತ್ತವಳ ಸಿನಿಮಾವನ್ನು ನಮ್ಮ ಮನೆಯವರು ನೋಡುವಂತಿರಲಿಲ್ಲ. ನೋಡದೆ ಇರುವುದಂತೂ ಸಾಧ್ಯವೇ ಇರಲಿಲ್ಲ. ಗಜೇಂದ್ರಗಡದಲ್ಲಿ ನೋಡಿದರೆ ಬಜಾರವೇ ನೋಡುತ್ತದೆ. ಆದ್ದರಿಂದ ಒಬ್ಬೊಬ್ಬರು ಒಂದೊಂದು ಊರು ಆರಿಸಿಕೊಂಡಿದ್ದರು. ಅಪ್ಪನಿಗೆ ನರಗುಂದದಲ್ಲಿ ಪದೇಪದೇ ವ್ಯಾಪಾರದ ಕೆಲಸ ಬೀಳುತ್ತಿತ್ತು. ಅವ್ವ ಮತ್ತು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಆಯಿಯ ಕಣ್ಣು ತೋರಿಸಲು ರೋಣದ ದವಾಖಾನಿಗೆ ಹೋಗುತ್ತಿದ್ದರು. ಆಯಿಯ ಕಣ್ಣು ಶುಕ್ರವಾರವೇ ಹೆಚ್ಚು ಕೆಡುತ್ತಿತ್ತು. ಅದರಲ್ಲೂ ಪೋಸ್ಟರ್ ಬದಲಾದ ಶುಕ್ರವಾರ.

ನನಗೆ ಹತ್ತು ವರ್ಷವಿದ್ದಾಗ ಹೀಗೆ ಒಂದು ಕಣ್ಣಿನ ತಪಾಸಣೆಗೆ ನನ್ನನ್ನೂ ಕರೆದೊಯ್ದರು. ರೋಣದ ಟಾಕೀಜಿನಲ್ಲಿ ಹೆಂಗಸರ ಬಾಕಿನ ಮೇಲೆ ಕುಳಿತೆವು. ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ಬಂದು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಎಡಗೈಯಿಂದ ಒಮ್ಮೆ ತಟ್ಟಿಕೊಂಡಳು. ಅದು ನಮ್ಮ ಆಯಿ ದಿನಾ ಮಾಡುವ ಕೆಲಸ. ನಾನು ತಿರುಗಿ ಆಯಿಯನ್ನು ನೋಡಿದೆ. ಆಯಿ ಸೆರಗು ಬಾಯಿಗೆ ತುಂಬಿಕೊಂಡಿದ್ದಳು. ನನಗೆ ಅತ್ತೆ ಒಬ್ಬಳಿದ್ದಾಳೆಂದು ಯಾರೂ ಹೇಳದೆ ಗೊತ್ತಾದದ್ದು ಹೀಗೆ.

ಇಂಟರವಲ್ ಆಯಿತು, ದೀಪ ಹತ್ತಿತು. ನಮ್ಮ ಮುಂದಿನ ಸಾಲಿನ ಆಚೆ, ಗಂಡಸರ ಕಡೆ, ಕಣ್ಣೊರೆಸಿಕೊಳ್ಳುತ್ತ ಮಿರ್ಚಿ ತಿನ್ನುತ್ತಿದ್ದವನು ನಮ್ಮ ಅಪ್ಪ. ನರಗುಂದದಲ್ಲಿ ಆ ವಾರ ಬೇರೆ ಸಿನಿಮಾ ಬಂದುಬಿಟ್ಟಿತ್ತು, ಪಾಪ. ಅವನು ನಮ್ಮನ್ನು ನೋಡಿದ, ನಾವು ಅವನನ್ನು ನೋಡಿದೆವು. ಯಾರೂ ಯಾರನ್ನೂ ನೋಡಲಿಲ್ಲವೆಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಸಿನಿಮಾ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಎದುರಿಗೆ ಬಂದ.

"ಎಲ್ಲಿಗೆ ಬಂದಿದ್ರೆಬೇ?" ಎಂದ ತಾಯಿಗೆ.

"ದವಾಖಾನಿಗೆ," ಎಂದಳು ಆಯಿ.

"ಕಣ್ಣು ಹ್ಯಾಂಗ ಅದಾವ?"

"ಚಲೋ ಅದಾವ. ಇವತ್ತ ಭಾಳ ಚಂದ ಕಾಣಿಸ್ತು."

ನಾಲ್ವರೂ ಒಂದೇ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಬಂದು, ಮನೆಯೊಳಗೆ ಬೇರೆಬೇರೆ ಹೊತ್ತಿಗೆ ಕಾಲಿಟ್ಟೆವು. ನಟನೆ ಅತ್ತೆಗೆ ಎಲ್ಲಿಂದ ಬಂತೆಂದು ಪತ್ರಿಕೆಯವರು ಈಗ ಕೇಳುತ್ತಾರೆ. ಆಯಿ ಸತ್ತಾಗ ಅತ್ತೆಗೆ ತಿಳಿಸಲಿಲ್ಲ. ಸತ್ತವರಿಗೆ ಸತ್ತ ಸುದ್ದಿ ಮುಟ್ಟಿಸುವ ಪದ್ಧತಿ ನಮ್ಮಲ್ಲಿಲ್ಲ ನೋಡಿ.

ನನ್ನನ್ನೇನು ಸಾಚಾ ಎಂದುಕೊಳ್ಳಬೇಡಿ. ನಾನು ಕಲಿತೆ, ರಾಜೂರಿನ ಸಾಲಿಯಲ್ಲಿ ಮಾಸ್ತರಿಣಿಯಾದೆ, ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಹೇಳಿಕೊಟ್ಟೆ. ಸ್ಟಾಫ್‌ರೂಮಿನಲ್ಲಿ ಯಾರೋ, "ಆ ಆ್ಯಕ್ಟ್ರೆಸ್ ನಿಮ್ಮ ಊರಾಕಿ ಅಂತಲ್ರಿ, ನಿಮಗೇನರ ಆಗಬೇಕೇನ್ರಿ?" ಎಂದರೆ, "ಇಲ್ರಿ, ಒಂದ ಓಣಿಯಾಕಿ ಅಷ್ಟ" ಎಂದುಬಿಟ್ಟಿದ್ದೆ. ಅಜ್ಜ ಎರಡು ಕೊಡ ನೀರಾದರೂ ಖರ್ಚು ಮಾಡಿದ್ದ. ನನಗೆ ಅದೂ ಬೇಕಾಗಲಿಲ್ಲ.

ನನ್ನ ಮದುವೆ ಲಕ್ಕಲಕಟ್ಟಿಗೆ ಆಗಿತ್ತು. ಆರು ವರ್ಷದ ಹಿಂದೆ ಗಂಡ ತೀರಿಕೊಂಡ. ನಾನು ತವರಿಗೆ ಬಂದು ಅಪ್ಪ, ಅವ್ವನ ಜೊತೆ ಇದ್ದುಕೊಂಡು ಸಾಲಿಗೆ ಹೋಗಿಬರತೊಡಗಿದೆ. ಗಂಡ ಹೋದ ಮೇಲೆ ನನಗೆ ಹೊಸ ಜಾಗವೊಂದು ಸಿಕ್ಕಿತು: ಅಡುಗೆಮನೆಯ ಹೊಸ್ತಿಲ ಆಚೆ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅವ್ವ ಉಡಿ ತುಂಬುವಾಗ ನಾನು ಅಲ್ಲಿ ನಿಲ್ಲಬೇಕು. ಯಾರೂ ನಿಲ್ಲು ಎನ್ನಲಿಲ್ಲ. ನಾನೇ ನಿಂತೆ. ಗಂಡನಿಲ್ಲದವಳಿಗೆ ಉಡಿಯಿಲ್ಲ ಎನ್ನುವುದನ್ನು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಹಾಲಿನೊಂದಿಗೇ ಹೊಟ್ಟೆಗೆ ಹೋಗಿರುತ್ತದೆ. ಸಾಲಿಯಲ್ಲಿ ಸಮಾನತೆಯ ಪಾಠ ಮಾಡಿ ಬಂದು ಸಂಜೆ ಹೊಸ್ತಿಲಾಚೆ ನಿಲ್ಲುವುದು ನನಗೆ ಚೆನ್ನಾಗಿ ರೂಢಿಯಾಯಿತು.

ಗಂಡನ ದಿನಕರ್ಮ ಮುಗಿದ ವಾರ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಉಂಡೀಯೇನ?" ಎಂದಿತು ಒಂದು ದನಿ. ಯಾರು ಎಂದೆ. "ನಾ ನಿಮ್ಮತ್ತಿ. ಉಂಡೀಯೋ ಇಲ್ಲೋ ಹೇಳು ಮೊದಲ." ಸಿನಿಮಾದಲ್ಲಿ ಅಷ್ಟು ವರ್ಷ ಕೇಳಿದ್ದು ಬೇರೆಯವರ ದನಿ, ಇದು ಅಪ್ಪನ ದನಿಯ ಹಾಗೆ, ಸ್ವಲ್ಪ ಒಡಕು. ಅದಕ್ಕೂ ಎರಡು ವರ್ಷ ಮೊದಲೇ ಅವಳ ಪೇಟಿ ಮಾಸ್ತರರೂ ಹೋಗಿದ್ದರಂತೆ. ಅಂದಿನಿಂದ ವಾರಕ್ಕೊಮ್ಮೆ ಅವಳ ಫೋನ್. ಮನೆಯಲ್ಲಿ ಹೇಳಲಿಲ್ಲ. ಎರಡು ಊರಿನಲ್ಲಿ ಕದ್ದು ಸಿನಿಮಾ ನೋಡಿದವರ ಮಗಳು ನಾನು, ಒಂದು ಫೋನ್ ಕದ್ದು ಮಾತಾಡುವುದು ಯಾವ ಲೆಕ್ಕ.

ಹೋದ ವರ್ಷ ಅತ್ತೆಗೆ ದೊಡ್ಡ ಪ್ರಶಸ್ತಿ ಬಂತು. ರಾಷ್ಟ್ರಮಟ್ಟದ್ದು. ಯಾರೋ ಹೊಸ ಹುಡುಗಿ ಮಾಡಿದ ಸಣ್ಣ ಸಿನಿಮಾ. ಅದರಲ್ಲಿ ಅತ್ತೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುವ ಮುದುಕಿ. ಮೊದಲ ಸಲ ಅವಳದೇ ದನಿ, ನಮ್ಮದೇ ಮಾತು. ಹಿಂದೆ ಚುಚ್ಚಿದ ರವದಿಗೆ ಈಗ ಮಣ್ಣಿನ ಸೊಗಡು ಎಂದು ಹೆಸರಾಯಿತು. ನಾನು ಅದನ್ನು ಮೊಬೈಲಿನಲ್ಲಿ ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ನೋಡಿ, "ಶೇಂಗಾ ಒಡಿಯೂ ಕೈ ಅತ್ತಿಯವರದ" ಎಂದಳು. ತನ್ನ ಅತ್ತೆ, ಅಂದರೆ ನಮ್ಮ ಆಯಿ.

ಆ ಸಿನಿಮಾ ನಮ್ಮ ಮೂರೂ ಊರಿಗೆ ಬರಲಿಲ್ಲ. ರೋಣದಲ್ಲಿ ನಾವು ಕುಳಿತ ಟಾಕೀಜು ಈಗ ಮದುವೆ ಮಂಟಪ. ಆದರೆ ನೋಡದ ಸಿನಿಮಾವನ್ನು ಹೊಗಳಲು ಟಾಕೀಜು ಯಾಕೆ ಬೇಕು? ವಾರದೊಳಗೆ ಸನ್ಮಾನ ಸಮಿತಿ ಹುಟ್ಟಿತು. ಹುಟ್ಟಿದ ಕೂಡಲೇ ಮೂರಾಯಿತು. ನರಗುಂದದವರು, "ಅಕಿ ಮೊದಲ ಬಣ್ಣಾ ಹಚ್ಚಿದ್ದು ನಮ್ಮೂರ ಟೆಂಟಿನ್ಯಾಗ, ಕಲಾವಿದೆ ಹುಟ್ಟಿದ್ದು ಇಲ್ಲೇ" ಎಂದರು. ರೋಣದವರು, "ಏಳನೇತ್ತಾ ತನಕ ನಮ್ಮೂರ ಸಾಲಿಯೊಳಗ ಕಲ್ತಾಳ, ಬುದ್ಧಿ ನಮ್ದು" ಎಂದರು. ಗಜೇಂದ್ರಗಡದವರು, "ಮನಿ ಇಲ್ಲೈತಿ, ಅಣ್ಣಾ ಇಲ್ಲದಾನ, ಇನ್ನೇನ ಬೇಕ್ರಿ?" ಎಂದರು. ಅವಳು ಹೋದ ದಿನ ಈ ಮೂರೂ ಊರು ಅವಳು ಮತ್ತೊಂದು ಊರಿನವಳೆಂದು ಹೇಳಿದ್ದವು. ಕೊನೆಗೆ ರಾಜಿಯಾಯಿತು: ಹುಬ್ಬಳ್ಳಿಯಿಂದ ಕಾರು ಬರುವಾಗ ನರಗುಂದದಲ್ಲಿ ಹಾರ, ರೋಣದಲ್ಲಿ ಊಟ, ಗಜೇಂದ್ರಗಡದಲ್ಲಿ ಸಂಜೆಗೆ ವೇದಿಕೆ.

ಅಪ್ಪ ಒಂದೇ ದಿನದಲ್ಲಿ ಅಣ್ಣನಾದ. ಎಪ್ಪತ್ತಾರನೇ ವಯಸ್ಸಿನಲ್ಲಿ ಹೊಸ ಸಂಬಂಧ ಒಗ್ಗುವುದು ಸುಲಭವಲ್ಲ, ಆದರೆ ಅವನಿಗೆ ಒಗ್ಗಿತು. ಗಾದಿಯ ಮೇಲೆ ಕುಳಿತು ಗಿರಾಕಿಗಳಿಗೆ, "ನಮ್ಮ ತಂಗಿ ಸಣ್ಣಾಕಿದ್ದಾಗಿಂದ ಹಂಗ ರೀ, ನಾನ ಪ್ರೋತ್ಸಾಹ ಕೊಟ್ಟಿದ್ದು" ಎನ್ನತೊಡಗಿದ. ಬಜಾರದಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಅಪ್ಪ ಚಕ್ಕಡಿಯ ಗಾಲಿಯಷ್ಟು, ಅತ್ತೆ ಚಹಾದ ಬಸಿಯಷ್ಟು. ಅತ್ತೆಯ ಆ ಫೋಟೋ ಯಾವುದೋ ಸಿನಿಮಾದ ಜೈಲರಿಣಿ ವೇಷದ್ದು. ಕೈಯಲ್ಲಿ ಲಾಠಿ ಇತ್ತು. 'ತವರಿಗೆ ಬಂದ ಮಗಳಿಗೆ ಸ್ವಾಗತ' ಎಂದು ಕೆಳಗೆ ಬರೆದಿತ್ತು.

ಆ ವಾರ ಅತ್ತೆಯ ಫೋನಿನಲ್ಲಿ ಉಂಡೀಯೇನ ಎನ್ನುವ ಮಾತು ಮೊದಲಿಗೆ ಬರಲಿಲ್ಲ.

"ನಾ ಬರ್ತೀನಿ ಅಂದೀನಿ. ಶಾಲಿಗಲ್ಲ, ಹಾರಕ್ಕಲ್ಲ. ನಿಮ್ಮವ್ವ ನನ್ನನ್ನ ನಿಮ್ಮ ಅಡಗಿಮನ್ಯಾಗ ಕುಂದರ್ಸಿ ಒಂದು ಉಡಿ ತುಂಬ್ಲಿ. ಅಷ್ಟ ಕೇಳು ನಿಮ್ಮಪ್ಪಗ."

"ಅತ್ತೀ, ಸಿನಿಮಾದಾಗ ಎಷ್ಟ ಸಲ ತುಂಬಿಸ್ಕೊಂಡೀರಿ!" ಎಂದು ನಗಲು ನೋಡಿದೆ.

"ಹೌದವ. ಶಾಟ್ ಮುಗದ ಕೂಡ್ಲೇ ಪ್ರೊಡಕ್ಷನ್ನಿನವರು ಬಂದು ಅಕ್ಕಿ ವಾಪಸ್ ಇಸ್ಕೊಂಡ ಹೊಕ್ಕಾರ. ನಾ ಅರವತ್ತೆಂಟರಾಕಿ. ಒಮ್ಮೆರೆ ಖರೇ ಉಡಿ ತುಂಬಿಸ್ಕೊಂಡು ಹೊಕ್ಕೀನಿ ಅಂತೀನಿ. ಇಲ್ಲಂದ್ರ ನಿಮ್ಮಜ್ಜ ಸುರಕೊಂಡ ನೀರ ಇನ್ನೂ ನನ್ನ ಮ್ಯಾಲ ಹಂಗ ಐತಿ."

ನಾನು ಅಪ್ಪನಿಗೆ ಹೇಳಿದೆ. ಅವನ ಮುಖ ಫ್ಲೆಕ್ಸಿನಿಂದ ಇಳಿದು ಸಹಜ ಗಾತ್ರಕ್ಕೆ ಬಂತು. ಬೀದಿಯಲ್ಲಿ ಅಣ್ಣನಾಗುವುದು ಬೇರೆ, ಅಡುಗೆಮನೆಯಲ್ಲಿ ಅಣ್ಣನಾಗುವುದು ಬೇರೆ. "ಆದ್ರ ಅಕಿ ಗಂಡ ಇಲ್ಲಲ್ಲವ," ಎಂದ. "ಉಡಿ ಮುತ್ತೈದಿಗೆ ತುಂಬೂದು. ನಾಳೆ ಹಿರ್ಯಾರು ಏನಂತಾರ?" ನನ್ನ ಎದುರೇ ಹೇಳುತ್ತಿದ್ದೇನೆಂದು ಅವನಿಗೆ ಮಾತು ಮುಗಿದ ಮೇಲೆ ಹೊಳೆಯಿತು. ಗಜಕಡ್ಡಿ ಎತ್ತಿಕೊಂಡು, ಯಾರೂ ಕೇಳದ ಬಟ್ಟೆಯೊಂದನ್ನು ಅಳೆಯತೊಡಗಿದ.

ಎರಡು ದಿನದಲ್ಲಿ ದಾರಿ ಕಂಡುಕೊಂಡ. ವ್ಯಾಪಾರಸ್ಥನ ತಲೆ. ಉಡಿಯನ್ನು ವೇದಿಕೆಯ ಮೇಲೆ ತುಂಬಿಬಿಡುವುದು! ಸಮಿತಿ ಅಧ್ಯಕ್ಷರ ಹೆಂಡತಿ ತುಂಬುತ್ತಾರೆ, ಊರೇ ನೋಡುತ್ತದೆ. ವೇದಿಕೆಯ ಮೇಲೆ ನಡೆಯುವುದು ಕಾರ್ಯಕ್ರಮ, ಅದಕ್ಕೆ ಶಾಸ್ತ್ರ ಹತ್ತುವುದಿಲ್ಲ. ಮನೆಯ ಹೊಸ್ತಿಲೂ ಮೈಲಿಗೆಯಾಗುವುದಿಲ್ಲ, ತಂಗಿಯ ಆಸೆಯೂ ತೀರುತ್ತದೆ. ಸಮಿತಿಯವರು ಕುಣಿದಾಡಿದರು. ಖಣ ನಮ್ಮ ಅಂಗಡಿಯದೇ ಎಂದು ಅಪ್ಪ ಧಾರಾಳವಾಗಿ ಹೇಳಿ, ವೇದಿಕೆಯ ಹೆಂಗಸರಿಗೆಲ್ಲ ಹಂಚಲು ಅಗ್ಗದ ಗಂಟೊಂದನ್ನು ಬಿಚ್ಚಿದ. ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಅಂದಿನ ರೊಟ್ಟಿಗಳು ಬಹಳ ಜೋರಾಗಿ ತಟ್ಟಿಸಿಕೊಂಡವು.

ಅತ್ತೆ ಬಂದಳು. ನರಗುಂದದಲ್ಲಿ ಹಾರದ ಜೊತೆ ಊಟವನ್ನೂ ಹಾಕಿದರು, ರಾಜಿಯಲ್ಲಿ ಇಲ್ಲದ್ದು. ಅದನ್ನು ಕೇಳಿ ರೋಣದವರು ಎಣ್ಣೆಗಾಯಿಗೆ ಹೋಳಿಗೆಯನ್ನೂ ಸೇರಿಸಿದರು. ಸಂಜೆ ಗಜೇಂದ್ರಗಡದ ವೇದಿಕೆ ಹತ್ತುವ ಹೊತ್ತಿಗೆ ಅವಳಿಗೆ ಉಸಿರಾಡಲು ಜಾಗವಿರಲಿಲ್ಲ. ಒಂಬತ್ತು ಮಂದಿ ಭಾಷಣ ಮಾಡಿದರು. ಒಬ್ಬರು ಸಿನಿಮಾದಲ್ಲಿ ಆಕೆ ಹತ್ತಿ ಬಿಡಿಸುವ ದೃಶ್ಯ ಮನಕಲಕುತ್ತದೆ ಎಂದರು. ಶೇಂಗಾ ಎಂದು ಯಾರೋ ಕೆಳಗಿನಿಂದ ಕೂಗಿದರು. ಎರಡೂ ನಮ್ಮ ಭಾಗದ ಬೆಳೆಗಳೇ ಎಂದು ಅವರು ಮುಂದುವರಿಸಿದರು.

ಆಮೇಲೆ ಉಡಿ. ಅತ್ತೆಯನ್ನು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದರು. ಅವಳ ಕಣ್ಣು ಸಾಲಿನಲ್ಲಿ ಅವ್ವನನ್ನು ಹುಡುಕಿತು. ಅವ್ವ ಬಂದಿರಲಿಲ್ಲ, ಮೊಣಕಾಲು ನೋವು ಎಂದಿದ್ದಳು. ಅಧ್ಯಕ್ಷರ ಹೆಂಡತಿ ತಟ್ಟೆಯಿಂದ ಅಕ್ಕಿ ಸುರಿದರು. ಫೋಟೋದವನು ಓಡಿಬಂದ. "ಅಕ್ಕಾರ, ಮುಖಾ ಈ ಕಡೆ ಮಾಡ್ರಿ. ಇನ್ನೊಮ್ಮೆ ಹಾಕ್ರಿ." ಉಡಿಯ ಅಕ್ಕಿಯನ್ನು ಬಳಿದು ತಟ್ಟೆಗೆ ತೆಗೆದರು, ಮತ್ತೆ ಹಾಕಿದರು. ಟಿವಿಯವರಿಗೆ ಸಿಗಲಿಲ್ಲವೆಂದು ಮೂರನೆಯ ಸಲ. ತುಂಬಿದ ಉಡಿಯನ್ನು ತೆಗೆದು ತೆಗೆದು ತುಂಬಿದ ಊರು ಕರ್ನಾಟಕದಲ್ಲಿ ಇನ್ನೊಂದಿರಲಾರದು. ಮೂರೂ ಸಲ ಅತ್ತೆಯ ಕಣ್ಣಿಂದ ಸರಿಯಾದ ಹೊತ್ತಿಗೆ ನೀರು ಇಳಿಯಿತು. ಜನ ಬಿಕ್ಕಿದರು. "ಇದು ನಟನೆ ಅಲ್ಲ, ತವರಿನ ಖರೇ ಕಣ್ಣೀರು!" ಎಂದಿತು ಮೈಕು.

ನಾನು ಮುಂದಿನ ಸಾಲಿನಲ್ಲೇ ಇದ್ದೆ. ಅತ್ತೆ ಒಮ್ಮೆ ಫೋನಿನಲ್ಲಿ ಹೇಳಿದ್ದಳು: "ನಂಗ ಖರೇ ಅಳು ಬಂದ್ರ ಮೂಗು ಕೆಂಪಾಗತೈತವ, ಕ್ಯಾಮೆರಾಕ್ಕ ಆಗಿಬರೂದಿಲ್ಲ." ಅವಳ ಮೂಗು ಬೆಳ್ಳಗೇ ಇತ್ತು. ಖಣದ ಕೆಂಪು ಮಾತ್ರ ಬೆವರಿಗೆ ಬಿಟ್ಟು ಅವಳ ಅಂಗೈಗೆಲ್ಲ ಹತ್ತಿತ್ತು. ಅದನ್ನು ನಾನು ನೋಡಿದೆ. ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ಪೇಟ ಸುತ್ತಿಕೊಂಡು ನಿಂತಿದ್ದ ಅಪ್ಪನೂ ನೋಡಿದ. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸಮಿತಿಯವರು ಅವಳನ್ನು ಪ್ರವಾಸಿ ಮಂದಿರದಲ್ಲಿ ಇಳಿಸಿದ್ದರು. ಮರುದಿನ ಮುಂಜಾನೆ ಹುಬ್ಬಳ್ಳಿಗೆ ಹೊರಡುವುದಿತ್ತು. ಅಪ್ಪ ಅಂಗಡಿಗೆ ನೀರು ಹೊಡೆದು, ಊದುಬತ್ತಿ ಹಚ್ಚಿ ಗಾದಿಯ ಮೇಲೆ ಕೂರುವುದಕ್ಕೂ ಒಂದು ಆಟೋ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಸಾದಾ ನೂಲಿನ ಸೀರೆ, ಬಣ್ಣವಿಲ್ಲದ ಮುಖ. ನಾನು ಒಳಬಾಗಿಲಲ್ಲಿದ್ದೆ.

"ಅಣ್ಣಾ, ಒಳಗ ಬರಲೇನ?" ಎಂದಳು ಅತ್ತೆ, ಮೆಟ್ಟಿಲ ಕೆಳಗೆ ನಿಂತು.

ಅಪ್ಪ ಗಡಬಡಿಸಿ ಎದ್ದ. "ನಿನ್ನಿ ತುಂಬೇವಲ್ಲವ, ಊರ ಮುಂದ, ಎಷ್ಟ ಚಂದ ಆತು..."

"ಅದು ಶೂಟಿಂಗ್ ಅಣ್ಣಾ. ಅಕ್ಕಿ ಅವರ ವಾಪಸ್ ಇಸ್ಕೊಂಡ್ರು."

"ಹಂಗಲ್ಲ, ಹಿರ್ಯಾರು ಏನರ ಅಂದ್ರ..."

"ಯಾರು ಹಿರ್ಯಾರು? ಅಪ್ಪ ಹೋದ, ಅವ್ವ ಹೋದ್ಲು. ಈಗ ಈ ಮನಿಗೆ ನೀನ ಹಿರ್ಯಾ. ನೀ ಏನಂತಿ ಹೇಳು."

ಅಪ್ಪ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೂರೂ ಊರಿನ ಮುಂದೆ ಎಗ್ಗಿಲ್ಲದೆ ಮಾತಾಡಿದ ಬಾಯಿ ಒಂದು ಹೂಂ ಅನ್ನಲು ಆಗದೆ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಮಣೆ ಎಳೆದ ಸದ್ದು ಬಂತು. ಆಮೇಲೆ ಅವ್ವನ ದನಿ: "ಒಳಗ ಬಾರವ್ವ. ಚಾ ಆರತೈತಿ."

ಅವ್ವನ ಮೊಣಕಾಲು ರಾತ್ರಿ ಬೆಳಗಾಗುವುದರಲ್ಲಿ ಗುಣವಾಗಿತ್ತು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಸಿದ್ಧವಿತ್ತು. ನಿನ್ನೆಯ ಗಂಟಿನಲ್ಲಿ ಉಳಿದ ಖಣವೊಂದನ್ನು ಮೇಲಿಟ್ಟಿದ್ದಳು. ಅತ್ತೆ ಹೊಸ್ತಿಲು ದಾಟಿ ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಅವ್ವ ಮೊದಲ ಬೊಗಸೆ ತುಂಬಿಕೊಂಡಳು. ಆಗ ಅತ್ತೆ ತಲೆ ಎತ್ತಿ ನನ್ನನ್ನು ನೋಡಿದಳು.

"ಅಕಿ ಯಾಕ ಹೊರಗ ನಿಂತಾಳ ವೈನಿ?"

ಅವ್ವನ ಬೊಗಸೆ ಗಾಳಿಯಲ್ಲೇ ನಿಂತಿತು. "ಅಕೀದು... ಅಕಿ ಗಂಡ ಹೋದ ಮ್ಯಾಲ..." ಎಂದಳು.

"ನಂಗೂ ಇಲ್ಲಲ್ಲ ಗಂಡ. ನಾ ಪ್ರಶಸ್ತಿ ತಂದೀನಿ ಅಂತ ನಂಗ ತುಂಬತೀಯೇನ? ಅಕಿಗೂ ತುಂಬೂದಿದ್ರ ತುಂಬು. ಇಲ್ಲಂದ್ರ ನಾ ಏಳ್ತೀನಿ."

ನಲವತ್ತೊಂಬತ್ತು ವರ್ಷ ಬಯಸಿದ್ದು ಅವಳ ಸೆರಗಿನಿಂದ ಒಂದು ಗೇಣು ಮೇಲಿತ್ತು. ಅದನ್ನು ಬಿಟ್ಟು ಅವಳು ನಿಜಕ್ಕೂ ಎದ್ದೇಳಲು ಕೈ ಊರಿದಳು. ಒಂದ ಓಣಿಯಾಕಿ ಅಷ್ಟ ಎಂದಿದ್ದೆನಲ್ಲ ನಾನು, ಅದು ಆಗ ನನಗೆ ನೆನಪಾಯಿತು.

ಅವ್ವ ಆರು ವರ್ಷ ನನ್ನನ್ನು ಹೊಸ್ತಿಲಾಚೆ ನೋಡಿದವಳು, ಆಗ ಮೊದಲ ಸಲ ನೋಡಿದಳು. ಬೊಗಸೆಯ ಅಕ್ಕಿ ಬೆರಳ ಸಂದಿಯಿಂದ ಸಣ್ಣಗೆ ಸೋರುತ್ತಿತ್ತು. "ಇನ್ನೊಂದು ಮಣಿ ತಗೊಂಡು ಒಳಗ ಬಾ," ಎಂದಳು. ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ನಾನು ಕೇಳಲಿಲ್ಲ.

ಇಬ್ಬರೂ ಸಾಲಾಗಿ ಕುಳಿತೆವು. ಅವ್ವ ಅತ್ತೆಗೆ ಐದು ಬೊಗಸೆ ಹಾಕಿದಳು, ನನಗೆ ಐದು ಬೊಗಸೆ ಹಾಕಿದಳು. ಯಾರೂ ಇನ್ನೊಮ್ಮೆ ಹಾಕ್ರಿ ಎನ್ನಲಿಲ್ಲ. ಅತ್ತೆ ತನ್ನ ಉಡಿಯಿಂದ ಒಂದು ಹಿಡಿ ತೆಗೆದು ಅಕ್ಕಿಯ ಡಬ್ಬಿಗೆ ತಿರುಗಿ ಹಾಕಿದಳು. ಹಾಕಿ, ಡಬ್ಬಿಯ ಅಂಚು ಹಿಡಿದುಕೊಂಡು ಹಾಗೇ ಕುಳಿತುಬಿಟ್ಟಳು. ಅವಳ ಮೂಗು ಟೊಮೆಟೊ ಹಣ್ಣಾಗಿತ್ತು. ಯಾವ ಕ್ಯಾಮೆರಾಕ್ಕೂ ಆಗಿಬರುವಂತಿರಲಿಲ್ಲ.

ಅವ್ವ ಖಣಕ್ಕೆ ಕೈ ಹಾಕಿದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಪ್ಪ ಹೊಸ್ತಿಲಾಚೆ, ಸರಿಯಾಗಿ ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ.

"ಆ ಖಣಾ ಬ್ಯಾಡ," ಎಂದ. "ಅದು ಬಣ್ಣಾ ಬಿಡತೈತಿ."

ಕೈ ಚಾಚಿದ. ಅಂಗಡಿಯ ಮೇಲಿನ ಅರೆಯಿಂದ, ಅಜ್ಜನ ಕಾಲದಿಂದ ಚಲೋ ಮಾಲು ಇಡುವ ಜಾಗದಿಂದ, ತಂದ ಖಣ. ಒಂದಲ್ಲ, ಎರಡಿದ್ದವು.

ಇಷ್ಟು ಹೊತ್ತು ಊರವರನ್ನೆಲ್ಲ ಆಡಿಕೊಂಡು ಬಂದ ನನಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ನನ್ನ ಮೂಗೂ ಕೆಂಪಾಗಿತ್ತೆಂದು ಅತ್ತೆ ಆಮೇಲೆ ಫೋನಿನಲ್ಲಿ ಹೇಳಿದಳು.